ಮಾಲೆ ತೆಗ್ದ ಮೇಲೂ ಎಣ್ಣೆ ಮುಟ್ಟದೆ ಇರೋದು ಹೇಗೆ

ನವೆಂಬರ್ ಅರ್ಧ ಆಯ್ತು ಅಂದ್ರೆ ನಮ್ಮ ಮಂಡ್ಯ ಕಡೆ ಊರೂರಲ್ಲೂ ಕಪ್ಪು ಪಂಚೆ ಕಾಣ್ಸೋಕೆ ಶುರು ಆಗುತ್ತೆ. ಮದ್ದೂರು, ಮಳವಳ್ಳಿ, ಪಾಂಡವಪುರ ಎಲ್ಲಿ ನೋಡಿದ್ರೂ ಅಯ್ಯಪ್ಪ ಮಾಲೆ ಹಾಕಿರೋ ಸ್ವಾಮಿಗಳೇ. ಅದ್ರಲ್ಲಿ ಒಂದಷ್ಟು ಜನ ಹೋದ ತಿಂಗ್ಳು ತನಕ ಬಾರ್ ಬಾಗ್ಲು ತೆಗ್ಯೋಕೆ ಮುಂಚೆನೇ ಹೋಗಿ ಕಾಯ್ತಾ ನಿಂತಿರ್ತಿದ್ದೋರು. ಹೆಂಡ್ತಿ ಅತ್ರೂ ಬಿಡ್ಲಿಲ್ಲ, ಅವ್ವ ಊಟ ಬಿಟ್ಟು ಕೂತ್ರೂ ಬಿಡ್ಲಿಲ್ಲ, ಡಾಕ್ಟ್ರು ಲಿವರ್ ಹೋಗುತ್ತೆ ಅಂದ್ರೂ ಬಿಡ್ಲಿಲ್ಲ, ಕತ್ತಿಗೆ ಒಂದು ತುಳಸಿ ಮಣಿ ಸರ ಬಿದ್ದ ತಕ್ಷಣ 41 ದಿನ ಆ ಕಡೆ ತಿರುಗೂ ನೋಡಲ್ಲ. ಆಮೇಲೆ ಶಬರಿಮಲೆಯಿಂದ ವಾಪಸ್ ಬಂದು ಮಾಲೆ ತೆಗ್ದ ದಿನ ಸಾಯಂಕಾಲಾನೇ ಹಳೇ ಟೇಬಲ್ಲು, ಹಳೇ ಕ್ವಾರ್ಟರ್ರು. ಊರೋರು ಅಯ್ಯಪ್ಪಂಗೇ ಟೋಪಿ ಹಾಕ್ದ ನೋಡ್ಲಾ ಅಂತ ನಗ್ತಾರೆ.

ನಂಗೆ ನಗು ಬರಲ್ಲ. 41 ದಿನ ಬಿಟ್ಟಿದ್ದು ಸಣ್ಣ ವಿಷ್ಯ ಅಲ್ಲವೇ ಅಲ್ಲ, ಆ ದಿನಗಳಲ್ಲಿ ನಿಜವಾಗ್ಲೂ ಕೆಲ್ಸ ಮಾಡಿದ್ದು ಏನು ಅಂತ ಕಂಡ್ಕೊಂಡು ಅದನ್ನ 42ನೇ ದಿನಕ್ಕೆ ದಾಟಿಸ್ಬೇಕು, ಅಷ್ಟನ್ನ ಮಾತ್ರ ಯಾರೂ ಹೇಳ್ಕೊಡಲ್ಲ. ನಾನೂ ಕುಡೀತಿದ್ದೋನೇ, ಬಿಟ್ಟು ವರ್ಷಗಳಾಯ್ತು, ಈಗ ಬಿಡ್ಬೇಕು ಅನ್ನೋರ ಜೊತೆ ಓಡಾಡ್ತಿರ್ತೀನಿ. ದೇವ್ರನ್ನ ನಂಬೋನು, ನಮ್ಮನೆ ದೇವ್ರು ಮಾದಪ್ಪ, ವರ್ಷಕ್ಕೊಂದ್ಸಲ ಬೆಟ್ಟಕ್ಕೆ ನಡ್ಕೊಂಡು ಹೋಗೋ ಪೈಕಿ. ಆದ್ರಿಂದ ದೇವ್ರು ಗೀವ್ರು ಎಲ್ಲ ಸುಮ್ನೆ ಅಂತ ಹೇಳೋಕೆ ಇದನ್ನ ಬರೀತಿಲ್ಲ, ಹಂಗೇ ದೇವ್ರೊಬ್ನೇ ಸಾಕು ಅಂತಾನೂ ಹೇಳಲ್ಲ.

ಮಾಲೆಗೆ ಮುಂಚೆ ಆಸ್ಪತ್ರೆ

ಇದನ್ನ ಮೊದ್ಲು ಓದಿ, ಉಳಿದಿದ್ದು ಆಮೇಲೆ. ಶನಿವಾರ ಭಾನುವಾರ ಮಾತ್ರ ಕುಡಿಯೋರಿಗೆ ಈ ತೊಂದ್ರೆ ಅಷ್ಟಾಗಿ ಬರಲ್ಲ. ಆದ್ರೆ ದಿನಾ ಕುಡಿಯೋರು, ಅದ್ರಲ್ಲೂ ಬೆಳಗ್ಗೆ ಎದ್ದ ತಕ್ಷಣ ಕೈ ನಡುಗಿ ಒಂದು ನೈಂಟಿ ಒಳಗೆ ಹೋದ್ಮೇಲೇ ಲೋಟ ಹಿಡ್ಯೋಕಾಗೋದು ಅನ್ನೋ ಸ್ಥಿತಿ ಇರೋರು, ಮಾಲೆ ಹಾಕಿದ್ದೀನಿ ಅಂತ ಒಂದೇ ಸಲ ನಿಲ್ಲಿಸಿದ್ರೆ ಪ್ರಾಣಕ್ಕೇ ಬರಬಹುದು. ಕೊನೆ ಸಲ ಕುಡಿದು ಆರು ಗಂಟೆ ಕಳೆದ ಮೇಲಿಂದ ಎರಡು ದಿನದ ಒಳಗೆ ಫಿಟ್ಸ್ ಬರೋ ಚಾನ್ಸ್ ಇರುತ್ತೆ. ಅದಾದ್ಮೇಲೆ ಎರಡ್ನೇ ದಿನದಿಂದ ನಾಲ್ಕನೇ ದಿನದಲ್ಲಿ ಇನ್ನೊಂದು ಬರಬಹುದು, ಡಾಕ್ಟ್ರು ಡಿಲಿರಿಯಂ ಟ್ರೆಮೆನ್ಸ್ ಅಂತಾರೆ, ಮೈಯೆಲ್ಲ ಬೆವರು, ಜ್ವರ, ನಿದ್ದೆ ಇಲ್ಲ, ಎಲ್ಲಿದ್ದೀನಿ ಅಂತ ಗೊತ್ತಾಗಲ್ಲ, ಗೋಡೆ ಮೇಲೆ ಹುಳ ಹರಿದಂಗೆ ಕಾಣುತ್ತೆ, ಸತ್ತೋರು ಬಂದು ಕರೆದಂಗೆ ಆಗುತ್ತೆ.

ನಮ್ಮ ಕಡೆ ಇಲ್ಲೇ ಎಡವಟ್ಟಾಗೋದು. ಮಾಲೆ ಹಾಕಿ ಮೂರು ದಿನಕ್ಕೆ ಮನುಷ್ಯ ಹಿಂಗೆ ಮಾತಾಡೋಕೆ ಶುರು ಮಾಡಿದ್ರೆ ಮನೆಯೋರು ಗಾಳಿ ಸೋಕಿದೆ ಅಂತಾರೆ, ಇಲ್ಲಾ ಸ್ವಾಮಿ ಮೈಮೇಲೆ ಬಂದವ್ನೆ ಅಂತ ಕೈ ಮುಗೀತಾರೆ, ಯಂತ್ರ ಕಟ್ಸೋಕೆ ಓಡ್ತಾರೆ, ಅಷ್ಟೊತ್ತಿಗೆ ಕಾಲ ಮೀರಿರುತ್ತೆ. ದಿನಾ ಕುಡಿಯೋನು ನಿಲ್ಲಿಸಿದ ಮೊದಲ ವಾರದಲ್ಲಿ ಏನೇನೋ ಕಾಣುತ್ತೆ ಅಂದ್ರೆ ಅದು ದೆವ್ವಾನೂ ಅಲ್ಲ ದೇವ್ರೂ ಅಲ್ಲ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸಾಗ್ಸಿ.

ಆದ್ರಿಂದ ಮಾಲೆ ಹಾಕೋಕೆ ಹದಿನೈದು ದಿನ ಮುಂಚೆನೇ ಡಾಕ್ಟ್ರ ಹತ್ರ ಹೋಗ್ಬನ್ನಿ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡು ಕಡೇನೂ ಮಾನಸಿಕ ರೋಗ ವಿಭಾಗ ಇದೆ, ಹೆಸ್ರು ನೋಡಿ ಹೆದ್ರಬೇಡಿ, ಕುಡಿತಕ್ಕೆ ನೋಡೋ ಡಾಕ್ಟ್ರು ಅಲ್ಲೇ ಇರೋದು. ಅಷ್ಟು ದೂರ ಆಗಲ್ಲ ಅನ್ನೋರು ತಾಲ್ಲೂಕು ಆಸ್ಪತ್ರೇಲಿ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ಕೇಳಿ. ಫೋನಲ್ಲೇ ಮೊದ್ಲು ಮಾತಾಡ್ಬೇಕು ಅನ್ಸಿದ್ರೆ ವ್ಯಸನದ್ದೇ ಹೆಲ್ಪ್‌ಲೈನ್ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ. ಡಾಕ್ಟ್ರು ಒಂದು ವಾರ ಹತ್ತು ದಿನಕ್ಕೆ ಡೋಸ್ ಇಳಿಸ್ಕೊಂಡು ಬರೋ ಮಾತ್ರೆ ಕೊಡ್ತಾರೆ, ಥಯಮಿನ್ ಅಂದ್ರೆ ಬಿ1 ವಿಟಮಿನ್ ಕೊಡ್ತಾರೆ, ಯಾಕಂದ್ರೆ ಕುಡಿಯೋರ ಮೈಯಲ್ಲಿ ಅದು ಖಾಲಿ ಆಗಿರುತ್ತೆ, ಹಂಗೇ ಬಿಟ್ರೆ ಮೆದುಳಿಗೆ ಪೆಟ್ಟು. ಆ ನಡುಕದ ಮಾತ್ರೇನ ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೊಂಡು ತಿಂಗಳುಗಟ್ಲೆ ನುಂಗೋಕೆ ಹೋಗ್ಬೇಡಿ, ಅದೇ ಇನ್ನೊಂದು ಚಟ ಆಗುತ್ತೆ.

ಮಾತ್ರೆ ನುಂಗಿದ್ರೆ ವ್ರತ ಕೆಡುತ್ತಾ ಅಂತ ತುಂಬ ಜನ ಕೇಳ್ತಾರೆ. ಕೆಡುತ್ತೆ ಅನ್ನೋ ಗುರುಸ್ವಾಮಿನ ನಾನಂತೂ ನೋಡಿಲ್ಲ. ನಂಜನಗೂಡಿನ ನಂಜುಂಡೇಶ್ವರನ್ನ ಟಿಪ್ಪು ಸುಲ್ತಾನ ಹಕೀಮ್ ನಂಜುಂಡ ಅಂತ ಕರೆದ, ಅವ್ನ ಪಟ್ಟದ ಆನೆ ಕಣ್ಣು ವಾಸಿ ಆಯ್ತು ಅಂತ ಪಚ್ಚೆ ಲಿಂಗ ಕೊಟ್ಟ ಅಂತ ನಮ್ಮ ಕಡೆ ಎಲ್ರೂ ಹೇಳೋ ಕಥೆ. ಹಕೀಮ್ ಅಂದ್ರೆ ಡಾಕ್ಟ್ರೇ. ದೇವ್ರಿಗೇ ಆ ಹೆಸ್ರು ಒಪ್ಪಿಗೆ ಆಗಿರೋವಾಗ ಡಾಕ್ಟ್ರ ಚೀಟಿ ಇಟ್ಕೊಂಡು ಮಾಲೆ ಹಾಕ್ಸಿಕೊಳ್ಳೋಕೆ ನಿಮಗ್ಯಾಕೆ ಸಂಕೋಚ. ಗುರುಸ್ವಾಮಿಗೂ ಮುಂಚೆನೇ ಹೇಳ್ಬಿಡಿ, ಸ್ವಾಮಿ ಹಿಂಗಿಂಗೆ, ನಾನು ಬಿಡೋಕೇ ಮಾಲೆ ಹಾಕ್ತಿರೋದು, ಮಾತ್ರೆ ಇದೆ, ಒಪ್ಪೊತ್ತು ಮಾಡೋಕಾಗಲ್ಲ ಅಂತ. ಹೊಟ್ಟೆ ಖಾಲಿ ಇದ್ರೆ ಕುಡಿಯೋ ಆಸೆ ಜಾಸ್ತಿ ಆಗುತ್ತೆ, ಶುಗರ್ ಇರೋರಿಗೆ, ಲಿವರ್ ಕೆಟ್ಟಿರೋರಿಗೆ ಉಪವಾಸ ಬೇರೆ ತೊಂದ್ರೆನೂ ಮಾಡುತ್ತೆ. ಮೂರು ಹೊತ್ತು ಸಾತ್ವಿಕ ಊಟ ಮಾಡಿ, ಅಯ್ಯಪ್ಪ ಲೆಕ್ಕ ಹಿಡಿಯಲ್ಲ.

41 ದಿನದಲ್ಲಿ ಏನು ಗಮನಿಸ್ಬೇಕು

ಒಂದು ನೋಟ್‌ಬುಕ್ ಇಟ್ಕೊಳ್ಳಿ ಅಂದ್ರೆ ನಗ್ತೀರ, ಮೊಬೈಲಲ್ಲಾದ್ರೂ ಬರ್ಕೊಳ್ಳಿ. ಕುಡಿಯೋ ಆಸೆ ಯಾವಾಗ ಬಂತು, ಯಾವಾಗ ಬರ್ಲೇ ಇಲ್ಲ, ಆ ಹೊತ್ತಲ್ಲಿ ಜೊತೇಲಿ ಯಾರಿದ್ರು. ಎರಡು ವಾರ ಬರೆದ್ರೆ ನಿಮಗೇ ಕಾಣುತ್ತೆ, ಮಾಲೆ ಹೊತ್ತಲ್ಲಿ ಏನೇನು ಬದ್ಲಾಗಿದೆ ಅಂತ. ಬೆಳಗ್ಗೆ ನಾಲ್ಕೂವರೆಗೆ ತಣ್ಣೀರು ಸ್ನಾನ ಅಂದ್ಮೇಲೆ ರಾತ್ರಿ ಒಂಬತ್ತಕ್ಕೇ ಕಣ್ಣು ಎಳೆಯುತ್ತೆ. ಸಂಜೆ ಆರರಿಂದ ಎಂಟು, ಅಂದ್ರೆ ಸರಿಯಾಗಿ ಬಾರ್ ಕರೆಯೋ ಹೊತ್ತು, ನೀವು ಭಜನೇಲಿ ಇರ್ತೀರ, ಇಲ್ಲಾ ಯಾರದ್ದೋ ಮನೆ ಪಡಿಪೂಜೇಲಿ ಇರ್ತೀರ. ಊರಲ್ಲಿ ಎಲ್ರೂ ಸ್ವಾಮಿ ಅಂತಾರೆ, ಹೋದ ವಾರ ತನಕ ಏನ್ಲಾ ಕುಡುಕ ಅಂತಿದ್ದೋರೂ ಸ್ವಾಮಿ ಅಂತಾರೆ, ಅದು ಮೈಗೆ ಏನು ಮಾಡುತ್ತೆ ಅಂತ ಅನುಭವಿಸಿದೋನಿಗೇ ಗೊತ್ತು. ಇನ್ನೂ ಮುಖ್ಯ, ಜೊತೇಲಿ ಕುಡೀತಿದ್ದ ಗೆಳೆಯರೇ ದೂರ ಸರಿದು ನಿಂತ್ಕೋತಾರೆ, ಕಪ್ಪು ಬಟ್ಟೆ ನೋಡಿದ್ರೆ ಒಂದ್ ರೌಂಡ್ ಬಾರೋ ಅಂತ ಕರೆಯೋ ಧೈರ್ಯ ಯಾರಿಗೂ ಇಲ್ಲ. ಬೇಡ ಅಂತ ನೀವು ಬಾಯಿಬಿಟ್ಟು ಹೇಳೋ ಕಷ್ಟಾನೇ ಇಲ್ಲ, ನಿಮ್ಮ ಬಟ್ಟೆ ಹೇಳ್ತಿರುತ್ತೆ.

ಮಾಲೆ ತೆಗ್ದ ದಿನ ಇದಿಷ್ಟೂ ಒಂದೇ ಏಟಿಗೆ ಹೋಗುತ್ತೆ. ಭಕ್ತಿ ಕಮ್ಮಿ ಆಯ್ತು ಅಂತ ಕುಡೀತಾನೆ ಅನ್ನೋದು ಸುಳ್ಳು, ಭಕ್ತಿ ಹಂಗೇ ಇರುತ್ತೆ, ಸಂಜೆ ಆರು ಗಂಟೆಗೆ ಹೋಗೋಕೆ ಜಾಗ ಇರಲ್ಲ.

ಆಸೆ ಬಂದ ಹೊತ್ತಿಗೆ ಏನು ಮಾಡೋದು ಅಂದ್ರೆ, ಆ ಹಂಬಲ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ, ಹೆಚ್ಚು ಅಂದ್ರೆ ಅರ್ಧ ಗಂಟೆ ಏರಿ ಇಳಿಯುತ್ತೆ. ಅದಕ್ಕೆ ಜಪಮಣಿ ಒಳ್ಳೇದು, 108 ಸಲ ನಿಧಾನಕ್ಕೆ ಶರಣು ಹೇಳಿ ಮುಗ್ಸೋ ಹೊತ್ತಿಗೆ ಅರ್ಧ ದಾರಿ ದಾಟಿರ್ತೀರ, ಇನ್ನೊಂದು ಸುತ್ತು ಹೇಳಿದ್ರೆ ಮುಗೀತು. ಲಿಂಗಾಯತರ ಮನೇಲಿ ಇಷ್ಟಲಿಂಗ ಪೂಜೆ ದಿನಾ ಮಾಡೋದೇ ಇದೆ, ಅದನ್ನ ಬೆಳಗ್ಗೆ ಜೊತೆ ಸಂಜೇನೂ ಇಟ್ಕೊಂಡ್ರೆ ಇದೇ ಕೆಲ್ಸ ಆಗುತ್ತೆ. ಮುಸ್ಲಿಮ್ ಗೆಳೆಯರಿಗೆ ಮಗ್ರಿಬ್, ಇಶಾ ಎರಡು ನಮಾಜೂ ಅದೇ ಡೇಂಜರ್ ಹೊತ್ತಲ್ಲೇ ಬರುತ್ತೆ, ಜಮಾತ್ ಜೊತೆ ಮಾಡಿದ್ರೆ ಇನ್ನೂ ಒಳ್ಳೇದು. ಯಾವ ಮಂತ್ರ ಅನ್ನೋದು ನಿಮ್ಮ ಮನೆ ಪದ್ಧತಿ. ದೇವ್ರ ಹತ್ರ ಬೇಡ್ಕೊಳ್ಳೋದನ್ನ ಮಾತ್ರ ಸ್ವಲ್ಪ ಬದ್ಲಾಯಿಸ್ಕೊಳ್ಳಿ, ಇನ್ನು ಜನ್ಮದಲ್ಲಿ ಮುಟ್ಟಬಾರದು ಹಂಗೆ ಮಾಡಪ್ಪ ಅಂತ ದೊಡ್ಡದಾಗಿ ಕೇಳೋ ಬದ್ಲು ಇವತ್ತು ರಾತ್ರಿ ಮಲಗೋ ತನಕ ಕಾಪಾಡು ಅಂತ ಕೇಳಿ, ನಾಳೆದು ನಾಳೆ ಮತ್ತೆ ಕೇಳಿದ್ರಾಯ್ತು.

ಒಂದು ಸಣ್ಣ ವಿಷ್ಯ, ಮೈ ಕೈ ನೋವು ಅಂತ ಅರಿಷ್ಟ, ಆಸವ ಕುಡಿಯೋರು ಇದ್ದೀರ, ಅದು ಹುಳಿ ಬರಿಸಿ ಮಾಡೋ ಔಷಧಿ, ಅದ್ರಲ್ಲೂ ಆಲ್ಕೋಹಾಲ್ ಇರುತ್ತೆ. ಕೆಲವು ಕೆಮ್ಮಿನ ಸಿರಪ್ಪಲ್ಲೂ ಇರುತ್ತೆ. ಬಾಟ್ಲಿ ಹಿಂದೆ ಓದಿ ತಗೊಳ್ಳಿ. ಮಾಲೆ ಹಾಕ್ಕೊಂಡು ಬೀಡಿ ಸೇದೋ ಸ್ವಾಮಿಗಳ ಬಗ್ಗೆ ಇಲ್ಲಿ ಬರ್ಯಲ್ಲ, ಅದಕ್ಕೇ ಬೇರೆ ಬರೀಬೇಕು.

ವಾಪಸ್ ಬರೋ ದಾರಿ

ಹೋಗೋವಾಗ ಇರುಮುಡಿ ತಲೆ ಮೇಲೆ ಇರುತ್ತೆ, ಭಯ ಭಕ್ತಿ ಇರುತ್ತೆ. ಬರೋವಾಗ ಟಿಟಿ ಗಾಡೀಲಿ ಹತ್ತು ಹನ್ನೆರಡು ಜನ, ದರ್ಶನ ಆಯ್ತು, ಬೆಟ್ಟ ಇಳಿದಾಯ್ತು, ಯಾರೋ ಒಬ್ಬ ದಾರೀಲೇ ಮಾಲೆ ಬಿಚ್ಚಿ ಬ್ಯಾಗಿಗೆ ಹಾಕ್ತಾನೆ, ಇನ್ನೊಬ್ಬ ಡಾಬಾ ಕಂಡ್ರೆ ನಿಲ್ಸಪ್ಪ ಅಂತಾನೆ. ಎಲ್ರೂ ಹಂಗಲ್ಲ, ಅಚ್ಚುಕಟ್ಟಾಗಿ ಮನೆಗೆ ಬಂದು ಪೂಜೆ ಮಾಡಿ ತೆಗೆಯೋ ತಂಡಗಳೂ ಬೇಕಾದಷ್ಟಿವೆ. ನಿಮ್ಮ ತಂಡ ಯಾವ ಪೈಕಿ ಅಂತ ಹೊರಡೋಕೆ ಮುಂಚೆನೇ ನಿಮಗೆ ಗೊತ್ತಿರುತ್ತೆ. ಡೌಟ್ ಇದ್ರೆ ಬರೋ ದಾರಿಗೆ ಬಸ್ಸೋ ಟ್ರೈನೋ ಬೇರೆ ಬುಕ್ ಮಾಡ್ಕೊಳ್ಳಿ, ಮಗಳ ಸ್ಕೂಲ್ ಫಂಕ್ಷನ್ ಇದೆ ಅಂತ ಏನಾದ್ರೂ ಹೇಳಿ, ಈ ಒಂದು ಸುಳ್ಳಿಗೆ ಅಯ್ಯಪ್ಪ ಬೈಯಲ್ಲ.

ಮಾಲೆ ತೆಗ್ಯೋದನ್ನ ಬೆಳಗ್ಗೆ ಇಟ್ಕೊಳ್ಳಿ, ಅವ್ವನ ಕೈಲೋ ಗುರುಸ್ವಾಮಿ ಕೈಲೋ ತೆಗ್ಸಿ. ಅವತ್ತು ಸಂಜೆಗೆ ಎಲ್ಲಿರ್ತೀರ ಅನ್ನೋದು ಒಂದು ವಾರ ಮುಂಚೆನೇ ಗಟ್ಟಿ ಆಗಿರ್ಲಿ, ಯಾರ ಜೊತೆ ಅನ್ನೋದೂ ಗಟ್ಟಿ ಆಗಿರ್ಲಿ. ಆಮೇಲೆ ವ್ರತದಲ್ಲಿ ಮಾಡ್ತಿದ್ದಿದ್ರಲ್ಲಿ ಯಾವ್ದಾದ್ರೂ ಎರಡನ್ನ ಬಿಡದೆ ಮುಂದುವರ್ಸಿ, ಎಲ್ಲಾನೂ ಮುಂದುವರ್ಸೋಕೆ ಹೋಗ್ಬೇಡಿ, ಹದಿನೈದು ದಿನಕ್ಕೆ ಸುಸ್ತಾಗಿ ಎಲ್ಲಾನೂ ಬಿಡ್ತೀರ. ನಾನು ಹೇಳೋದು ಬೆಳಗಿನ ಸ್ನಾನ ಒಂದು, ಸಂಜೆ ಹೊತ್ತಿನ ಜನ ಒಂದು. ಬರಿಗಾಲು, ನೆಲದ ಮೇಲೆ ಮಲಗೋದು ಇವೆಲ್ಲ ಬಿಟ್ರೂ ಪರ್ವಾಗಿಲ್ಲ. ಮೈಸೂರಲ್ಲಿರೋರು ವಾರಕ್ಕೆರಡು ಮೂರು ಸಲ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿ, ಸಾವಿರ ಮೆಟ್ಲು ಹತ್ತಬೇಕು ಅಂದ್ರೆ ಹಿಂದಿನ ರಾತ್ರಿ ಕುಡಿಯೋಕಾಗಲ್ಲ, ಮತ್ತೆ ಅಲ್ಲಿ ದಿನಾ ಹತ್ತೋ ಒಂದಷ್ಟು ಜನ ಇದ್ದಾರೆ, ಎರಡು ದಿನ ಕಾಣ್ಲಿಲ್ಲ ಅಂದ್ರೆ ಏನ್ ಸಾರ್ ಕಾಣ್ಲಿಲ್ಲ ಅಂತ ಕೇಳ್ತಾರೆ. ಆ ಕೇಳೋ ಜನ ಬೇಕು.

ಇನ್ನೊಂದು ಎಚ್ಚರ, ತಿಂಗಳಿಗಿಂತ ಹೆಚ್ಚು ಬಿಟ್ಟ ಮೇಲೆ ಮೈಗೆ ಹಳೇ ತಾಕತ್ತು ಇರಲ್ಲ. ಮುಂಚೆ ಎರಡು ಕ್ವಾರ್ಟರ್ ಹಾಕಿ ಬೈಕ್ ಓಡಿಸ್ಕೊಂಡು ಬರ್ತಿದ್ದೆ ಅನ್ನೋನು ಅದೇ ಲೆಕ್ಕದಲ್ಲಿ ಕುಡಿದ್ರೆ ಎಚ್ಚರ ತಪ್ಪಿ ಬೀಳ್ತಾನೆ, ವಾಂತಿ ಉಸಿರಿಗೆ ಸಿಕ್ಕಿ ಸಾಯೋರೂ ಇದ್ದಾರೆ.

ಜನ ಎಲ್ಲಿ ಸಿಗ್ತಾರೆ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಸಂಘ ನಮ್ಮ ಹಳ್ಳಿಗಳಲ್ಲಿ ಇಲ್ಲದ ಕಡೆ ಕಮ್ಮಿ, ನಿಮ್ಮ ಮನೆ ಹೆಂಗಸ್ರೇ ಅದ್ರಲ್ಲಿ ಸದಸ್ಯರಿರ್ತಾರೆ. ಅವ್ರು ಜನಜಾಗೃತಿ ವೇದಿಕೆ ಜೊತೆ ಸೇರಿ ಊರ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡ್ತಾರೆ, ಅಲ್ಲೇ ಉಳ್ಕೋಬೇಕು, ಭಜನೆ, ಯೋಗ, ಕೌನ್ಸೆಲಿಂಗ್ ಎಲ್ಲ ಇರುತ್ತೆ. ಶಿಬಿರ ಒಳ್ಳೇದೇ, ಆದ್ರೆ ನನ್ನ ಕೇಳಿದ್ರೆ ಅದಾದ್ಮೇಲೆ ಮಾಡೋ ನವಜೀವನ ಸಮಿತಿ ಇದ್ಯಲ್ಲ, ಬಿಟ್ಟೋರೆಲ್ಲ ಸೇರಿ ಕೂರೋದು, ಅದೇ ಅದ್ರ ಜೀವ. ಎಂಟು ದಿನ ಮುಗಿಸಿ ಫೋಟೋ ತೆಗ್ಸ್ಕೊಂಡು ಸಮಿತಿಗೆ ಹೋಗದೆ ಇದ್ರೆ ಅದೂ ಇನ್ನೊಂದು ಮಾಲೆ ಆಯ್ತು ಅಷ್ಟೇ. ಶಿಬಿರ ಯಾವಾಗ ಎಲ್ಲಿ ಅಂತ ಸಂಘದ ಸೇವಾಪ್ರತಿನಿಧಿನ ಕೇಳಿದ್ರೆ ಹೇಳ್ತಾರೆ.

ಇನ್ನೊಂದು ಎಎ, ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಏಕ್ರನ್ ಅನ್ನೋ ಊರಲ್ಲಿ ಇಬ್ರು ಕುಡುಕರು, ಒಬ್ಬ ಶೇರ್ ವ್ಯವಹಾರದೋನು, ಇನ್ನೊಬ್ಬ ಸರ್ಜನ್ನು, ಒಬ್ರಿಗೊಬ್ರು ಕಷ್ಟ ಹೇಳ್ಕೊಂಡು ಬಿಟ್ಟಿದ್ರಿಂದ ಶುರು ಆಗಿದ್ದು. ಮೈಸೂರಲ್ಲೂ ಮೀಟಿಂಗ್ ನಡೆಯುತ್ತೆ. ಫೀಸಿಲ್ಲ, ಪೂರ್ತಿ ಹೆಸ್ರು ಕೇಳಲ್ಲ, ರಿಜಿಸ್ಟರ್ ಇಲ್ಲ, ಕೊನೇಲಿ ಒಂದು ಡಬ್ಬಿ ಬರುತ್ತೆ, ಇದ್ರೆ ಹಾಕಿ ಇಲ್ಲಾಂದ್ರೆ ಮುಂದಕ್ಕೆ ತಳ್ಳಿ. ಚರ್ಚ್ ಆವರಣದಲ್ಲೋ ಸ್ಕೂಲ್ ರೂಮಲ್ಲೋ ನಡೆಯೋದ್ರಿಂದ ಮತಾಂತರ ಅಂತ ಕೆಲವ್ರಿಗೆ ಅನುಮಾನ, ಹಂಗೇನೂ ಇಲ್ಲ. ಅವ್ರ 12 ಹೆಜ್ಜೇಲಿ ದೇವ್ರ ಮಾತು ಬರುತ್ತೆ ನಿಜ, ಆದ್ರೆ ನಾವು ಅರ್ಥ ಮಾಡ್ಕೊಂಡಂಥ ದೇವ್ರು ಅಂತ ಸೇರಿಸಿದ್ದಾರೆ, ಮಾದಪ್ಪ ಆದ್ರೂ ಆಯ್ತು, ಅಲ್ಲಾ ಆದ್ರೂ ಆಯ್ತು, ದೇವ್ರೇ ಇಲ್ಲ ಅನ್ನೋನು ಆ ರೂಮಲ್ಲಿ ಕೂತಿರೋ ಹತ್ತು ಜನಾನೇ ನನಗಿಂತ ದೊಡ್ಡ ಶಕ್ತಿ ಅಂದ್ಕೊಂಡ್ರೂ ಆಯ್ತು. ನಾಸ್ತಿಕರೂ ಬರ್ತಾರೆ, ಬಿಟ್ಟಿದ್ದಾರೆ, ನಮ್ಮಷ್ಟೇ ಚೆನ್ನಾಗಿ ಬಿಟ್ಟಿದ್ದಾರೆ.

ಇದು ಬರೀ ಬಾಯಿಮಾತು ಅನ್ನೋರಿಗೆ, 2020ರಲ್ಲಿ ಕಾಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನೆ ಸಂಸ್ಥೆಯೋರು 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟಿಗೆ ಹಾಕಿ ನೋಡಿದ್ರು. ಪೂರ್ತಿ ಬಿಟ್ಟಿರೋ ವಿಷ್ಯದಲ್ಲಿ ಎಎ ಮತ್ತೆ ಎಎಗೆ ಸೇರಿಸೋ 12 ಹೆಜ್ಜೆ ಚಿಕಿತ್ಸೆ ಬೇರೆ ಕೌನ್ಸೆಲಿಂಗ್ ವಿಧಾನಗಳಿಗೆ ಸಮ, ಎಷ್ಟೋ ಸಲ ಅದಕ್ಕಿಂತ ಮೇಲು ಅಂತ ಬಂತು. ಅದು ಹೆಂಗೆ ಕೆಲ್ಸ ಮಾಡುತ್ತೆ ಅಂತ ಹುಡುಕಿದೋರು ಮೊದ್ಲು ತೋರ್ಸೋದು ಗೆಳೆಯರ ಬಳಗ ಬದ್ಲಾಗೋದನ್ನ. ದೈವಭಕ್ತಿ ಹೆಚ್ಚಾಗೋದ್ರಿಂದಾನೂ ಸಹಾಯ ಆಗುತ್ತೆ, ಅದ್ರಲ್ಲೂ ಕುಡಿತದಲ್ಲಿ ತುಂಬ ಆಳಕ್ಕೆ ಇಳಿದಿರೋರಿಗೆ. ನಾನು ಮಾಲೆ ಬಗ್ಗೆ ಹೇಳಿದ್ದೂ ಇದನ್ನೇ.

ಎರಡೂ ಹತ್ರದಲ್ಲಿ ಇಲ್ಲ ಅಂದ್ರೆ ಊರ ಭಜನೆ ಮಂಡಳಿ ಹಿಡೀರಿ, ಶನಿವಾರ ಭಜನೆ ಸಾಮಾನ್ಯವಾಗಿ ಎಲ್ಲಾ ಕಡೆ ಇರುತ್ತೆ. ಆದ್ರೆ ಒಂದು ನೋಡ್ಕೊಳ್ಳಿ, ಭಜನೆ ಮುಗಿದ್ಮೇಲೆ ಆ ಮಂಡಳಿಯೋರು ಎಲ್ಲಿಗೆ ಹೋಗ್ತಾರೆ ಅಂತ.

ಆಣೆ ಇಡಿಸ್ಬೇಡಿ

ಇದು ಮನೆಯೋರಿಗೆ. ಕರ್ಪೂರ ಹಚ್ಚಿ ಆಣೆ ಮಾಡು ಅನ್ನೋದು, ಮಗು ತಲೆ ಮೇಲೆ ಕೈ ಇಡಿಸೋದು, ದಯವಿಟ್ಟು ಬೇಡ. ಆಣೆ ಇಡೋವಾಗ ಅವ್ನು ನಿಜವಾಗ್ಲೂ ಮನಸ್ಸಿಂದಾನೇ ಇಡ್ತಾನೆ, ಅದ್ರಲ್ಲಿ ಮೋಸ ಇಲ್ಲ. ಆದ್ರೆ ಒಂದಿನ ಒಂದು ಪೆಗ್ ತಪ್ಪಿ ಕುಡಿದ ಅಂದ್ಕೊಳ್ಳಿ, ಆಗ ತಲೆಗೆ ಬರೋದು ಹೆಂಗೂ ಆಣೆ ಮುರ್ದೋಯ್ತು, ದೇವ್ರು ಕೈಬಿಟ್ಟ, ಇನ್ನೇನು ಉಳೀತು ಅಂತ, ಒಂದು ಪೆಗ್ಗಲ್ಲಿ ನಿಲ್ಬೇಕಾಗಿದ್ದು ಹದಿನೈದು ದಿನ ನಡೆಯುತ್ತೆ. ಅಲನ್ ಮಾರ್ಲಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನೇ ಬರೆದಿದ್ದಾನೆ, ಪೂರ್ತಿ ಬಿಡ್ತೀನಿ ಅಂದೋನು ಒಂದ್ಸಲ ಜಾರಿದಾಗ ಆ ಅಪರಾಧಿ ಭಾವನೇನೇ ಅವನನ್ನ ಮತ್ತೆ ಪೂರ್ತಿ ಒಳಗೆ ತಳ್ಳುತ್ತೆ ಅಂತ. ಇನ್ನು ಮಗು ತಲೆ ಮೇಲೆ ಆಣೆ ಇಟ್ಟು ತಪ್ಪಿದ ಮೇಲೆ ಆ ಮಗುಗೆ ಜ್ವರ ಬಂದ್ರೆ ಅಪ್ಪ ಎದೆ ಒಡ್ಕೊಂಡು ಕುಡೀತಾನೆ, ಮಗು ನಂಗೇನೋ ಆಗುತ್ತೆ ಅಂತ ಹೆದ್ರಿ ಕೂರುತ್ತೆ. ಆ ಕೂಸು ಏನು ಪಾಪ ಮಾಡಿತ್ತು.

ಜಾರಿದ್ರೆ ಏನು ಮಾಡ್ಬೇಕು ಅನ್ನೋದಕ್ಕೆ ನಮ್ಮ ಪದ್ಧತೀಲೇ ದಾರಿ ಇದೆ, ತಪ್ಪು ಕಾಣಿಕೆ. ಹರಕೆ ಮರೆತ್ರೆ, ಮೈಲಿಗೆ ಆದ್ರೆ, ಅರಿಶಿನದ ಬಟ್ಟೇಲಿ ಕಾಸು ಕಟ್ಟಿ ದೇವ್ರ ಮುಂದೆ ಇಟ್ಟು ತಪ್ಪಾಯ್ತು ಅಂತೀವಲ್ಲ, ಅದೇ. ರಾತ್ರಿ ಕುಡಿದ್ರಾ, ಬೆಳಗ್ಗೆ ಸ್ನಾನ ಮಾಡಿ ಒಂದು ರೂಪಾಯಿ ಕಟ್ಟಿ ಇಡಿ, ಮುಗೀತು, ದೇವ್ರ ಲೆಕ್ಕ ಅಲ್ಲಿಗೆ ಚುಕ್ತಾ. ಆಮೇಲೆ ಮನುಷ್ಯರ ಲೆಕ್ಕ, ನಿಮ್ಮ ಜೊತೆ ಬಿಟ್ಟಿರೋ ಒಬ್ಬರಿಗೆ ಫೋನ್ ಮಾಡಿ ನಿನ್ನೆ ಹಿಂಗಾಯ್ತಣ್ಣ ಅಂತ ಹೇಳಿ, ಅವತ್ತು ಸಂಜೆ ಒಬ್ರೇ ಇರ್ಬೇಡಿ. ಮೂರು ನಾಲ್ಕು ದಿನ ಬಿಡದೆ ಕುಡಿದಿದ್ರೆ ಮಾತ್ರ ಮತ್ತೆ ಡಾಕ್ಟ್ರ ಹತ್ರ ಹೋಗಿನೇ ನಿಲ್ಸಿ.

ಹುಂಡಿ ವಿಷ್ಯಾನೂ ಹೇಳ್ಬಿಡ್ತೀನಿ. ಕುಡಿತಕ್ಕೆ ಹೋಗ್ತಿದ್ದ ದುಡ್ಡು ಉಳಿದಾಗ ದೇವಸ್ಥಾನಕ್ಕೆ ದೊಡ್ಡದಾಗಿ ಕೊಡ್ಬೇಕು ಅನ್ಸುತ್ತೆ. ಮೊದ್ಲು ಸಂಘದ ಕಂತು ಕಟ್ಟಿ, ಅಂಗಡಿ ಸಾಲ ತೀರ್ಸಿ, ಹೆಂಡ್ತಿ ಓಲೆ ಅಡ ಇಟ್ಟಿದ್ರೆ ಬಿಡ್ಸಿ. ಸಾಲ ಕೊಟ್ಟೋನ ಮುಂದೆ ಹೋಗಿ ನಿಂತು ತಡ ಆಯ್ತು ಅಣ್ಣ ಅನ್ನೋದು ಹುಂಡಿಗೆ ಹಾಕೋದಕ್ಕಿಂತ ನೂರು ಪಾಲು ಕಷ್ಟ. ಎಎ ಹೆಜ್ಜೆಗಳಲ್ಲೂ ನೋವು ಕೊಟ್ಟೋರ ಪಟ್ಟಿ ಮಾಡಿ ಸರಿಮಾಡು ಅಂತ ಇದೆ, ಪಟ್ಟಿ ಬರ್ಯೋಕೆ ಕೂತ್ರೆ ಗೊತ್ತಾಗುತ್ತೆ ಎಷ್ಟುದ್ದ ಅಂತ.

ಅಕ್ಕಂದಿರಿಗೆ ಒಂದೆರಡು ಮಾತು. ಅವ್ರು ಬಿಡ್ಲಿ ಅಂತ ನೀವು ವಾರದಲ್ಲಿ ಮೂರು ದಿನ ಉಪವಾಸ ಮಾಡಿ, ಉರುಳು ಸೇವೆ ಮಾಡಿ ಮೈ ಹಾಳ್ಮಾಡ್ಕೊಳ್ಳೋದು ಬೇಡ. ನಿಮ್ಮ ನೆಮ್ಮದಿಗೆ ಪೂಜೆ ಮಾಡ್ಕೊಳ್ಳಿ, ಆದ್ರೆ ಅವ್ರು ಕುಡಿದ್ರೆ ನಿಮ್ಮ ಪೂಜೇಲಿ ಕೊರತೆ ಆಯ್ತು ಅಂತ ಅರ್ಥ ಅಲ್ಲ. ಎಎ ಥರಾನೇ ಮನೆಯೋರಿಗೆ ಅಂತ ಅಲ್-ಅನಾನ್ ಅನ್ನೋದು ಇದೆ, ಸಿಕ್ಕಿದ್ರೆ ಹೋಗಿ, ಇಲ್ಲಾಂದ್ರೆ ಮೇಲೆ ಕೊಟ್ಟಿರೋ ನಂಬರ್ ನಿಮಗೂ ಹೌದು. ಹೊಡಿಯೋ ಮನುಷ್ಯ ಆಗಿದ್ರೆ ಹರಕೆ ಕಟ್ಕೊಂಡು ಕಾಯ್ಬೇಡಿ, ಮೊದ್ಲು ಮಕ್ಕಳ ಕರ್ಕೊಂಡು ಸೇಫಾಗಿರೋ ಕಡೆ ಹೋಗಿ, 112 ಇದೆ. ಮತ್ತೆ ಊಟದಲ್ಲಿ ಗೊತ್ತಾಗದಂಗೆ ಬೆರೆಸಿ ಕೊಡಿ ಬಿಟ್ಬಿಡ್ತಾರೆ ಅಂತ ಪುಡಿ ಮಾರೋರನ್ನ ನಂಬ್ಬೇಡಿ. ಎಷ್ಟೋ ಪುಡೀಲಿ ಏನಿದೆ ಅಂತ ಮಾರೋನಿಗೇ ಗೊತ್ತಿರಲ್ಲ. ಡೈಸಲ್ಫಿರಾಂ ಅಂತ ನಿಜವಾದ ಮಾತ್ರೆ ಒಂದಿದೆ, ಅದು ಹೊಟ್ಟೇಲಿದ್ದಾಗ ಕುಡಿದ್ರೆ ಮುಖ ಕೆಂಪಾಗಿ ವಾಂತಿ ಬಂದು ಎದೆ ಬಡ್ಕೊಂಡು ಬಿಪಿ ಬಿದ್ದು ಪ್ರಾಣಾನೂ ಹೋಗ್ಬಹುದು, ನಿಲ್ಲಿಸಿದ್ಮೇಲೂ ಎರಡು ವಾರದ ತನಕ ಅದ್ರ ಪ್ರಭಾವ ಇರ್ಬಹುದು. ಅದನ್ನ ಡಾಕ್ಟ್ರು ಪರೀಕ್ಷೆ ಮಾಡಿ, ತಗೊಳ್ಳೋನಿಗೆ ಹೇಳಿನೇ ಕೊಡ್ಬೇಕು, ಕದ್ದು ಹಾಕೋದಲ್ಲ.

ಹಂಗೇ ದೇವ್ರ ಹೆಸ್ರಲ್ಲಿ ಕಟ್ಟಿ ಹಾಕೋ ಜಾಗಗಳಿಗೆ ಬಿಡ್ಬೇಡಿ. ತಮಿಳುನಾಡಿನ ಏರ್ವಾಡಿಲಿ ದರ್ಗಾ ಹತ್ರ ಮಾನಸಿಕ ತೊಂದ್ರೆ ಇರೋರನ್ನ ಸರಪಳೀಲಿ ಕಟ್ಟಿ ಇಟ್ಟಿದ್ದ ಕಡೆ 2001ರ ಆಗಸ್ಟ್ 6ಕ್ಕೆ ಬೆಂಕಿ ಬಿದ್ದು 28 ಜನ ಸತ್ರು, ಓಡೋಕೆ ಆಗ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿ ಹಾಕಿ ಕಟ್ಟೋ ಹಂಗಿಲ್ಲ, ಕುಡಿತದ ತೊಂದ್ರೆನೂ ಆ ಕಾಯ್ದೆ ಒಳಗೇ ಬರುತ್ತೆ. ಮಠ, ಆಶ್ರಮ, ಪ್ರಾರ್ಥನಾ ಮಂದಿರ, ರಿಹ್ಯಾಬ್ ಯಾವ್ದೇ ಇರ್ಲಿ, ಡಾಕ್ಟ್ರು ಬರ್ತಾರಾ, ಮನೆಯೋರು ಬಂದು ನೋಡ್ಬಹುದಾ, ಫೋನ್ ಮಾಡ್ಬಹುದಾ ಅಂತ ಕೇಳಿ. ಮೂರರಲ್ಲಿ ಒಂದಕ್ಕೆ ಇಲ್ಲ ಅಂದ್ರೂ ವಾಪಸ್ ಬನ್ನಿ.

ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ

ಮಾಲೆ ತೆಗ್ದ ಮೇಲೆ ವರ್ಷ ಪೂರ್ತಿ ಬರೋ ಹಬ್ಬಗಳಲ್ಲಿ ಕೆಲವು ನಮ್ಮ ಜನಕ್ಕೆ ಕುಡಿಯೋ ಹಬ್ಬಗಳೇ, ಇದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ಮಾರಿಹಬ್ಬ ಒಂದು. ಯುಗಾದಿ ಮಾರನೇ ದಿನದ ಹೊಸ್ತೊಡಕು ಇನ್ನೊಂದು, ಬಾಡು, ಇಸ್ಪೀಟು, ಬಾಟ್ಲು ಮೂರೂ ಒಂದೇ ಕಡೆ. ಅವತ್ತು ಬಾಡು ನಿಮ್ಮ ಮನೇಲೇ ಮಾಡ್ಕೊಂಡು ತಿನ್ನಿ, ತೋಟದ ಕಡೆ ಮಾತ್ರ ಹೋಗ್ಬೇಡಿ, ಇಲ್ಲಾ ಹೆಂಡ್ತಿ ಮಕ್ಕಳ ಜೊತೆ ಬೇರೆ ಊರಿಗೆ ಹೋಗ್ಬಿಡಿ. ಗಣೇಶನ್ನ ಬಿಡೋ ದಿನ ತಮಟೆ ಮುಂದೆ ಕುಣೀರಿ, ಆದ್ರೆ ಕೆರೆ ತನಕ ಹೋಗದೆ ಅರ್ಧ ದಾರೀಲಿ ಕೈ ಮುಗಿದು ವಾಪಸ್ ಆಗಿ.

ಎಲ್ಲಕ್ಕಿಂತ ಕಷ್ಟದ್ದು ಪಿತೃಪಕ್ಷ. ನಮ್ಮ ಕಡೆ ಎಷ್ಟೋ ಮನೇಲಿ ಎಡೆ ಇಡೋವಾಗ ಸತ್ತೋರಿಗೆ ಇಷ್ಟ ಆಗಿದ್ದೆಲ್ಲ ಇಡ್ತಾರೆ, ಬೀಡಿ ಸೇದ್ತಿದ್ದೋರಿಗೆ ಬೀಡಿ, ಎಣ್ಣೆ ಹಾಕ್ತಿದ್ದೋರಿಗೆ ಬ್ರಾಂಡಿ. ವರ್ಷವೆಲ್ಲ ಮನೇಲಿ ಬಾಟ್ಲಿ ಇಲ್ಲದಂಗೆ ನೋಡ್ಕೊಂಡಿರೋ ಅವ್ವಾನೇ ಅವತ್ತು ತರ್ಸಿರ್ತಾಳೆ, ಆಮೇಲೆ ಎಡೆ ಪ್ರಸಾದ ಚೆಲ್ಲಬಾರದು ಅಂತ ಯಾರಾದ್ರೂ ಕುಡೀಲೇಬೇಕು, ಅದೂ ಹಿರೀಮಗನೇ. ಒಂದು ವಾರ ಮುಂಚೆನೇ ಅಣ್ಣ ತಮ್ಮಂದಿರ ಹತ್ರ ಮಾತಾಡಿ, ಅಪ್ಪಂಗೆ ಕಾಫಿನೂ ಇಷ್ಟ ಇತ್ತಲ್ಲ, ಈ ಸಲ ಒಂದು ಲೋಟ ಕಾಫಿ ಇಡಾನ ಅಂತ. ಅವ್ವಂಗೆ ನೀವೇ ಹೇಳಿ, ಬೇರೆಯೋರ ಕೈಲಿ ಹೇಳಿಸ್ಬೇಡಿ. ಒಪ್ಪಿದ್ರೆ ಸರಿ, ಒಪ್ಪಲಿಲ್ಲ ಅಂದ್ರೆ ಜಗಳ ಆಡ್ಬೇಡಿ, ಎಡೆಗೆ ಅಡ್ಡ ಬಿದ್ದು, ಧೂಪ ಹಾಕಿ, ಎಲೆ ಮುಂದೆ ಕೂರೋಕೆ ಮುಂಚೆ ಹೊರಟ್ಬಿಡಿ. ದೊಡ್ಡಪ್ಪ ಚಿಕ್ಕಪ್ಪ ಬೇಜಾರು ಮಾಡ್ಕೋತಾರೆ, ಮಾಡ್ಕೊಳ್ಳಿ. ಹಬ್ಬದ ದಿನ ಹಳ್ಳಿಗೆ ಬಸ್ಸು ಕಮ್ಮಿ ಇರುತ್ತೆ, ಟೈಮ್ ಮೊದ್ಲೇ ಕೇಳ್ಕೊಂಡಿರಿ.